ಒಡೆಯದ ಟೈರಿನ ಸದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಗುರುವಾರ ಮದ್ರಾಸಿನ ಪೂನಮಲ್ಲಿ ಹೈರೋಡಿನಲ್ಲಿ ಒಡೆದದ್ದು ಟೈರಲ್ಲ, ನನ್ನ ಬಾಯಿ.

ದೇವರು ಕೆಲವರಿಗೆ ಬುದ್ಧಿ ಕೊಡುತ್ತಾನೆ, ಕೆಲವರಿಗೆ ತೋಟ ಗದ್ದೆ. ನನಗೆ ಕೊಟ್ಟದ್ದು ಸದ್ದು. ನಮ್ಮ ಹೆಡ್‌ಮಾಸ್ಟರರು ಬೈಯುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಗಂಗೊಳ್ಳಿಯ ಲಾಂಚಿನ ಹಾರ್ನು, ಒದ್ದೆಯಾದ ಪಟಾಕಿ, ನೆಗಡಿಯಾದ ಆಡು, ಇಷ್ಟನ್ನೂ ನಾನು ಹಲ್ಲುಜ್ಜುವಷ್ಟು ಸಲೀಸಾಗಿ ಮಾಡಬಲ್ಲೆ. ಟೈರು ಒಡೆಯುವುದರಲ್ಲಿ ಬಗೆಗಳಿವೆ. ಸೈಕಲ್ಲಿನದಾದರೆ ಕೆನ್ನೆ ಸಾಕು. ಕಾರಿನದಕ್ಕೆ ಹೊಟ್ಟೆಯಿಂದ ಗಾಳಿ ತರಬೇಕು, ಕೊನೆಗೆ ನಾಲಿಗೆಯ ತುದಿಯಲ್ಲಿ ಒಂದು ಉದ್ದನೆಯ ಉಸ್ಸ್ ಸೇರಿಸಬೇಕು. ಆ ಉಸ್ಸ್ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಅವತ್ತು ನಾನು ಸೇರಿಸಿದ್ದೆ.

ಇನ್ನು ಇದನ್ನು ವಿದೇಶ ಪ್ರವಾಸ ಎಂದು ಯಾಕೆ ಕರೆಯುತ್ತೇನೆಂದರೆ, ಕುಂದಾಪುರದ ನಮಗೆ ಮದ್ರಾಸು ಮೊನ್ನೆಮೊನ್ನೆಯವರೆಗೆ ರಾಜಧಾನಿಯಾಗಿತ್ತು. ರಾಜ್ಯಗಳನ್ನು ಭಾಷೆಯ ಪ್ರಕಾರ ಹಂಚಿದ ಮೇಲೆ ನಾವು ಕೂತಲ್ಲೇ ಮೈಸೂರಿನವರಾದೆವು, ಮದ್ರಾಸು ನಿಂತಲ್ಲೇ ಪರದೇಶವಾಯಿತು. ನಮ್ಮ ಅಜ್ಜನಿಗೆ ಈ ಸುದ್ದಿ ಇನ್ನೂ ಮನಸ್ಸಿಗೆ ಇಳಿದಿಲ್ಲ. ಪಾಸ್‌ಪೋರ್ಟಿಲ್ಲದೆ ಪರದೇಶಕ್ಕೆ ಹೋಗಿ ಬಂದವ ನಾನು. ಹಡಗನ್ನೂ ಹತ್ತಲಿಲ್ಲ. ಸಮುದ್ರ ಮಾತ್ರ ಅಲ್ಲಿ ತಪ್ಪು ಕಡೆಗಿದೆ. ನಮ್ಮಲ್ಲಿ ಸೂರ್ಯ ಕಡಲಿಗೆ ಇಳಿದರೆ ಅಲ್ಲಿ ಕಡಲಿನಿಂದ ಎದ್ದು ಬರುತ್ತಾನೆ. ಸಮುದ್ರದ ಗಾಳಿ ಬಂದ ಕಡೆಯೇ ಪಡುವಣ ಎಂದು ಎಪ್ಪತ್ತು ವರ್ಷ ನಂಬಿದ್ದ ನಮ್ಮ ಅಜ್ಜಿ ಮೊದಲೆರಡು ದಿನ ದೀಪವನ್ನು ಹಿಂದುಮುಂದಾಗಿ ಇಟ್ಟು, ಆಮೇಲೆ ಇಡೀ ಮದ್ರಾಸಿನ ಮೇಲೆಯೇ ತಪ್ಪು ಹೊರಿಸಿದಳು.

ಮದ್ರಾಸ್ ಸೆಂಟ್ರಲ್

ಪ್ರವಾಸಕ್ಕೆ ಕಾರಣವೂ ನಾನೇ. ಚಿಕ್ಕಂದಿನಲ್ಲಿ ನನಗೆ ಮಾತು ಬಹಳ ತಡವಾಗಿ ಬಂತಂತೆ. ಓರಗೆಯ ಮಕ್ಕಳು ಪದ್ಯ ಹೇಳುತ್ತಿದ್ದಾಗ ನಾನು ಸುಮ್ಮನೆ ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದೆನಂತೆ. ಮಾಣಿಗೆ ಮಾತು ಬಂದರೆ ರಾಮೇಶ್ವರಕ್ಕೆ ಬಂದು ಹೋಗುತ್ತೇನೆ ಎಂದು ಅಜ್ಜಿ ಹರಕೆ ಹೊತ್ತಳು. ಮಾತು ಬಂತು. ಬಂದದ್ದು ನಿಲ್ಲಲಿಲ್ಲ. ಈ ಹರಕೆಯನ್ನು ವಾಪಸ್ ಪಡೆಯುವ ದಾರಿ ಇದೆಯೇ ಎಂದು ಅಪ್ಪ ಪುರೋಹಿತರನ್ನು ಕೇಳಿದ್ದೂ ಉಂಟು.

ಅಜ್ಜ ಹಿಂದೆಯೇ ರಾಮೇಶ್ವರ ಮುಗಿಸಿದ್ದರು, ಬರುವುದಿಲ್ಲ ಎಂದರು. ಮಂಗಳೂರಿನಲ್ಲಿ ಅಜ್ಜಿ, ನಾನು ರೈಲು ಹತ್ತುವಾಗ ನಮ್ಮ ಜೊತೆ ನೀರಿನ ತಾಮ್ರದ ಹಂಡೆಗಳು, ಉಪ್ಪಿನಕಾಯಿ ಭರಣಿಗಳು, ತೆಂಗಿನಕಾಯಿಗಳು, ಮತ್ತೆ ಗೋಣಿಯಲ್ಲಿ ಸುತ್ತಿ ಹುರಿಹಗ್ಗದಲ್ಲಿ ಬಿಗಿದ ಒಂದು ದುಂಡನೆಯ ಗಂಟು. ಅದೇನೆಂದು ನಾನು ಕೇಳಿದೆ.

"ನಿಂಗ್ ಗೊತ್ತಾರೆ ಊರಿಗೆಲ್ಲ ಗೊತ್ತಾತ್ತ್. ಸುಮ್ನ್ ಕೂಕೋ," ಎಂದಳು ಅಜ್ಜಿ.

ಸೆಂಟ್ರಲ್ ಸ್ಟೇಷನ್ನಿನಲ್ಲಿ ಆ ಗಂಟನ್ನು ಎತ್ತಲು ಒಬ್ಬ ಕೂಲಿಯಿಂದ ಆಗಲಿಲ್ಲ. ಇಬ್ಬರು ಸೇರಿ ಎತ್ತಿದರು. ಒಳಗೆ ಇರುವುದು ಸಾಮಿಯಾ ಎಂದು ಅವರಲ್ಲೊಬ್ಬ ಭಯಭಕ್ತಿಯಿಂದ ಕೇಳಿದ. ತಮಿಳಿನ ಒಂದಕ್ಷರವೂ ಬಾರದ ಅಜ್ಜಿ ಗಂಭೀರವಾಗಿ ತಲೆಯಾಡಿಸಿದಳು. ಅವರಿಬ್ಬರೂ ಗಂಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಮುರುಗನ ಹೆಸರು ಹೇಳುತ್ತಾ ಹೊತ್ತು ನಡೆದರು. ದಾರಿಯಲ್ಲಿದ್ದವರು ಸರಿದು ಜಾಗ ಬಿಟ್ಟರು. ನಾನೂ ಹಿಂದಿನಿಂದ ಕೈಮುಗಿದುಕೊಂಡೇ ಹೋದೆ.

ಪುರಸೈವಾಕ್ಕಂ

ನಮ್ಮ ಅನಂತ ಮಾವ, ಎಂದರೆ ಅಜ್ಜಿಯ ಒಬ್ಬನೇ ಮಗ, ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ನಡುವೆ ಸಸ್ಯಾಹಾರಿ ಹೋಟೆಲು ಇಟ್ಟಿದ್ದಾರೆ. ಸೀರೆ ಆರಿಸಿ ಸುಸ್ತಾದ ಹೆಂಗಸರು, ಅವರನ್ನು ಕಾದು ಅವರಿಗಿಂತ ಸುಸ್ತಾದ ಗಂಡಸರು, ಎಲ್ಲ ಬಂದು ಬೀಳುವುದು ಅಲ್ಲಿಗೇ. ಅವರ ಸಾಂಬಾರನ್ನು ಅರ್ಧ ಮದ್ರಾಸು ಹೊಗಳುತ್ತದೆ. ಹೆತ್ತ ತಾಯಿ ಮಾತ್ರ ಆ ಹೋಟೆಲಿನ ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ. ಅಜ್ಜಿಯದು ಕಟ್ಟಾ ಮಡಿ. ತಾನೇ ಬೇಯಿಸಬೇಕು, ಊರಿನ ಬಾವಿಯ ನೀರೇ ಆಗಬೇಕು. ಮಗ ಹೊಸ ಕಾರು ಕಳಿಸಿ ರಾಮೇಶ್ವರಕ್ಕೆ ಕರೆದೊಯ್ಯುತ್ತೇನೆ ಎಂದರೆ ಕಾರಿನ ಸೀಟು ಚರ್ಮದ್ದು, ಕೂರುವುದಿಲ್ಲ.

ಇದಕ್ಕೆ ಮಾವ ಕಂಡುಕೊಂಡ ಉಪಾಯವೇ ಟ್ರೈಲರು. ಯಾವನೋ ಒಬ್ಬ ಇಂಗ್ಲಿಷ್ ಇಂಜಿನಿಯರು ತನ್ನ ದೇಶಕ್ಕೆ ವಾಪಸು ಹೋಗುವಾಗ ಮಾರಿದ್ದು. ಎರಡು ಚಕ್ರದ ಮೇಲೆ ನಿಂತ ತಗಡಿನ ಸಣ್ಣ ಕೋಣೆ. ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗುವುದು. ಒಳಗೆ ಮಡಚುವ ಮಂಚ, ಒಲೆ, ಕಿಟಕಿಗೆ ಲೇಸಿನ ಪರದೆ. ನೋಡಲಿಕ್ಕೆ ಮದುವೆಗೆ ಹೊರಟ ಕೋಳಿಗೂಡಿನ ಹಾಗಿತ್ತು. ದೊರೆ ಅದರಲ್ಲಿ ಏನೇನು ಬೇಯಿಸಿ ತಿಂದಿದ್ದನೋ ಎಂದು ಅಜ್ಜಿ ಅದಕ್ಕೆ ಹುಣಿಸೆಹಣ್ಣು, ಸಗಣಿನೀರು, ಗೋಮೂತ್ರ, ಅರಸಿನ ಎಲ್ಲದರ ಸ್ನಾನ ಮಾಡಿಸಿದಳು. ದೊರೆಯ ಒಲೆ ಹೊರಗೆ ಹೋಯಿತು, ಮಣ್ಣಿನ ಒಲೆ ಒಳಗೆ ಬಂತು. ಮಾವ ಕ್ಯಾಶಿನ ಮುಂದೆ ಕೂತಿದ್ದ ಹೊತ್ತಿನಲ್ಲಿ ಹೋಟೆಲಿನ ಅಡುಗೆಯವರು ಮಿಂದು ಒದ್ದೆಪಂಚೆಯಲ್ಲಿ ಬಂದು ಅಜ್ಜಿಯ ಸಾಮಾನನ್ನೆಲ್ಲ ಅದರೊಳಗೆ ತುಂಬಿದರು. ಅವರೆಲ್ಲ ನಮ್ಮೂರ ಕಡೆಯವರೇ. ಯಜಮಾನರಿಗಿಂತ ಯಜಮಾನರ ತಾಯಿಗೆ ಹೆದರುವವರು. ಅಲ್ಲಿಂದ ಮುಂದೆ ಆ ಬಾಗಿಲೊಳಗೆ ಯಾರಿಗೂ ಪ್ರವೇಶವಿಲ್ಲ. ಮಗನಿಗೂ ಇಲ್ಲ. ಮಗನಾದರೇನು, ಹೋಟೆಲಿನವನಲ್ಲವೇ. ಅಜ್ಜಿ ಅಡುಗೆ, ಊಟ, ಮಧ್ಯಾಹ್ನದ ನಿದ್ದೆ ಎಲ್ಲವನ್ನೂ ಹೋಟೆಲಿನ ಹಿಂದಿನ ಮನೆಯ ಹಿತ್ತಿಲಲ್ಲಿ ನಿಂತ ಟ್ರೈಲರಿನೊಳಗೇ ಆರಂಭಿಸಿದಳು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಎರಡೂ ಚಕ್ರಗಳಿಗೆ ಅರಸಿನ ಕುಂಕುಮ ಹಚ್ಚುತ್ತಿದ್ದಳು.

ಮಾವನ ಮಗಳು ಪದ್ಮಿನಿ ಕಾಲೇಜಿನಲ್ಲಿ ಓದುತ್ತಾಳೆ. ನಾವು ಕನ್ನಡದಲ್ಲಿ ಏನು ಕೇಳಿದರೂ ಅರ್ಥವಾಗುತ್ತದೆ. ಉತ್ತರ ಬರುವುದು ಮಾತ್ರ ತಮಿಳಿನಲ್ಲಿ, ಬೈಗುಳ ಇಂಗ್ಲಿಷಿನಲ್ಲಿ. ನನಗೆ ಮಾತ್ರ ಮೂರನ್ನೂ ಕಲಸಿ ಕೊಡುತ್ತಿದ್ದಳು. ಸೋದರಮಾವನ ಮಗಳು ಎಂದು ದೊಡ್ಡವರು ನಮ್ಮಿಬ್ಬರನ್ನು ನೋಡಿ ಅರ್ಥಗರ್ಭಿತವಾಗಿ ಕೆಮ್ಮುತ್ತಿದ್ದರು. ಆ ಕೆಮ್ಮನ್ನು ನಾನು ಅವಳ ಮುಂದೆ ಮಾಡಿ ತೋರಿಸಿದಾಗ, ಬಾಯಿ ಮುಚ್ಚಲು ಬರುವ ಗಂಡು ಸಿಕ್ಕಿದರೆ ತಿಳಿಸು ಎಂದಳು.

ಪೂನಮಲ್ಲಿ ಹೈರೋಡು

ಸೋಮವಾರ ಹೊರಡುವುದೆಂದು ಪಂಚಾಂಗ ನೋಡಿ ನಿಶ್ಚಯವಾಯಿತು. ಗುರುವಾರ ಒಂದು ಸುತ್ತು ಓಡಿಸಿ ನೋಡೋಣ ಎಂದು ಮಾವ ಕಾರಿಗೆ ಟ್ರೈಲರನ್ನು ಸಿಕ್ಕಿಸಿದರು. ನೀರಿನ ಹಂಡೆಗಳನ್ನು ಬಿಟ್ಟಿರಲಾರದ ಅಜ್ಜಿ ಒಳಗೆ ಚಾಪೆಯ ಮೇಲೆ ಕೂತಳು. ನಾನು, ಪದ್ಮಿನಿ ಕಾರಿನ ಹಿಂದಿನ ಸೀಟಿನಲ್ಲಿ. ಅವಳು ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದಳು. ಅಷ್ಟು ಚೆಂದ ನಿದ್ದೆ ಮಾಡುವವರನ್ನು ಕಂಡರೆ ನನಗೆ ಸಹಿಸುವುದಿಲ್ಲ. ಹೊರಗೆ ತಲೆ ಹಾಕಿ, ಹೊಟ್ಟೆಯಿಂದ ಗಾಳಿ ತಂದು, ಕಾರಿನದೇ ಒಡೆದೆ.

ಮಾವ ಬ್ರೇಕಿನ ಮೇಲೆ ನಿಂತುಬಿಟ್ಟರು. ಹಿಂದಿನ ಬಸ್ಸಿನ ಡ್ರೈವರು ನಮ್ಮ ಇಡೀ ವಂಶವನ್ನು ತಮಿಳಿನಲ್ಲಿ ಉದ್ಧರಿಸಿದ. ಟ್ರೈಲರಿನೊಳಗೆ ಯಾವುದೋ ಪಾತ್ರೆ ಉರುಳಿದ ಸದ್ದಾಯಿತು. ಪದ್ಮಿನಿ ಎಚ್ಚೆತ್ತು ನನ್ನ ಉಬ್ಬಿದ ಕೆನ್ನೆಯನ್ನು ನೋಡಿದಳು, ಎಲ್ಲವೂ ಅರ್ಥವಾಯಿತು. ಹಾಸ್ಯ ಎಂದು ಹೇಳಿಬಿಡೋಣವೆಂದು ನಾನು ಇಳಿದೆ. ಮಾವ ಆಗಲೇ ಟ್ರೈಲರಿನ ಪಕ್ಕ ಕೂತು ಚಕ್ರ ನೋಡುತ್ತಿದ್ದರು. ನಾನೂ ಬಗ್ಗಿದೆ.

ಟೈರು ಒಡೆದಿರಲಿಲ್ಲ, ನಿಜ. ಅದರ ಮೈಮೇಲಿನ ಹಲ್ಲುಗಳು ಹೊಸದರಂತೆ ಆಳವಾಗಿದ್ದವು. ಆದರೆ ಪಕ್ಕದ ಗೋಡೆಯಲ್ಲಿ ಅಜ್ಜಿಯ ಕುಂಕುಮ ಕೆಂಪು ಕೆಂಪು ಗೆರೆಗಳಾಗಿ ಇಳಿದಿತ್ತು. ದೂರದಿಂದ ಚಿತ್ತಾರ ಬಿಡಿಸಿದ ಹಾಗೆ ಕಂಡದ್ದು ಹತ್ತಿರ ಹೋದರೆ ಬಿರುಕು. ಗದ್ದೆಯಲ್ಲಿ ದುಡಿದವರ ಹಿಮ್ಮಡಿಯ ಹಾಗೆ ಬಿರಿದಿತ್ತು. ಒಂದರೊಳಗೆ ನನ್ನ ಉಗುರು ಪೂರ್ತಿ ಹೋಯಿತು. ಇನ್ನೊಂದು ಚಕ್ರವೂ ಹಾಗೆಯೇ. ದೊರೆ ಟ್ರೈಲರನ್ನು ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿಟ್ಟಿದ್ದನಂತೆ. ಓಡಿಯೇ ಇಲ್ಲ, ಹಾಗಾಗಿ ಹೊಸದೇ ಎಂಬುದು ಇಷ್ಟು ದಿನ ಮಾವನ ಹೆಮ್ಮೆ.

ನನ್ನ ಹೊಟ್ಟೆಯಲ್ಲಿ ಉಳಿದಿದ್ದ ಗಾಳಿಯೆಲ್ಲ ಹೋಯಿತು. ರಾಮೇಶ್ವರದ ಹಾದಿಯಲ್ಲಿ ಎಲ್ಲೋ ಬಿಸಿಲಿಗೆ ಕಾದ ರಸ್ತೆಯಲ್ಲಿ ಇದು ನಿಜವಾಗಿ ಒಡೆದರೆ, ಬಾಗಿಲು ಹಾಕಿದ ತಗಡಿನ ಕೋಣೆಯೊಳಗೆ, ಉರಿಯುವ ಒಲೆಯ ಪಕ್ಕ, ಕೂತಿರುವವಳು ಅಜ್ಜಿ. ಅದೂ ನನ್ನ ಬಾಯಿಗೆ ಮಾತು ಬಂದ ಋಣ ತೀರಿಸಲು ಹೊರಟವಳು.

ಟ್ರೈಲರಿನ ಕಿಟಕಿ ತೆರೆಯಿತು. ಏನೂ ಒಡೆಯದೆ ಸದ್ದು ಮಾತ್ರ ಬಂತು ಎಂದು ಮಾವ ಗಾಬರಿಯಲ್ಲಿ ವರದಿ ಒಪ್ಪಿಸಿದರು. ಅಜ್ಜಿ ನನ್ನ ಕಡೆಗೊಮ್ಮೆ ನೋಡಿ, ಇದು ರಾಮೇಶ್ವರದ ಸ್ವಾಮಿಯೇ ಕೊಟ್ಟ ಸೂಚನೆ, ಟೈರು ಬದಲಿಸದೆ ಹೊರಡಕೂಡದು ಎಂದು ತೀರ್ಪು ಕೊಟ್ಟಳು.

ಸ್ವಾಮಿ ನಾನೇ ಎಂದು ಹೇಳಲು ಬಾಯಿ ತೆರೆದೆ. ಪದ್ಮಿನಿ ನನ್ನ ಕಾಲನ್ನು ಚಪ್ಪಲಿಯಿಂದ ಮೆಟ್ಟಿದಳು.

"ಭಾವ, ಟ್ರೂತ್ ಎಲ್ಲಾ ವೇಂಡಾಂ ಇವತ್ತು," ಎಂದು ಕಿವಿಯಲ್ಲಿ ಹೇಳಿದಳು. "ನೀ ಮಾಡಿದ್ದು ಅಂತ ತೆರಿಂಜಾ ಅಪ್ಪಾ ಹೊಸ ಟೈರೇ ವಾಂಗಮಾಟ್ಟಾರ್."

ಅವಳು ಹೇಳಿದ್ದು ಸರಿಯೇ. ಸತ್ಯ ಹೇಳಿದರೆ ಮಾವ ಹೊಸ ಟೈರು ಕೊಳ್ಳುವುದಿಲ್ಲ, ಹೇಳದಿದ್ದರೆ ನನ್ನ ಊಟ ಇಳಿಯುವುದಿಲ್ಲ. ಅಂದು ಅಜ್ಜಿ ಮನೆಗೆ ಬಂದವರಿಗೆಲ್ಲ ಸೂಚನೆಯ ಕಥೆ ಹೇಳಿದಳು. ಪ್ರತಿ ಸಲವೂ ಕೊನೆಯ ಉಸ್ಸನ್ನು ಬಿಡದೆ ಹೇಳಿದಳು. ಆಮೇಲೆ ಕಿಟಕಿಯಿಂದ ನನಗೆ ಒಂದು ಬಟ್ಟಲು ಪಾಯಸ ಕೊಟ್ಟು, ಸ್ವಾಮಿಯ ಪ್ರಸಾದ, ಚೆನ್ನಾಗಿ ತಿನ್ನು ಎಂದಳು. ಅಷ್ಟು ಕಹಿಯಾದ ಪಾಯಸವನ್ನು ನಾನು ತಿಂದದ್ದಿಲ್ಲ.

ಪಲ್ಲಾವರಂ

ವಿಮಾನ ನಿಲ್ದಾಣದ ಹತ್ತಿರದ ಪಲ್ಲಾವರಂನಲ್ಲಿ ಶುಕ್ರವಾರ ಸಂತೆ. ಪಕ್ಕದಲ್ಲೇ ದಂಡಿನ ಪ್ರದೇಶ ಇರುವುದರಿಂದ ಸೈನ್ಯದ ಹಳೆಯ ಸಾಮಾನು ಅಲ್ಲಿಗೆ ಬಂದು ಬೀಳುತ್ತದೆ ಎಂದು ಹೋಟೆಲಿನ ಗಿರಾಕಿಯೊಬ್ಬರು ಮಾವನ ಕಿವಿ ಕಚ್ಚಿದ್ದರು. ಟ್ರೈಲರನ್ನು ಹಿತ್ತಿಲಲ್ಲೇ ಬಿಟ್ಟು ನಾವು ಮೂವರು ಹೋದೆವು. ಮೇಕೆ, ಪಾರಿವಾಳ, ಮೂರು ಕಾಲಿನ ಕುರ್ಚಿ, ಯಾವುದೋ ಕರ್ನಲ್ಲನ ಸ್ನಾನದ ತೊಟ್ಟಿ, ಇವೆಲ್ಲದರ ಆಚೆಗೆ ಟೈರುಗಳ ಗುಡ್ಡ. ನಮ್ಮ ಊರಿನ ಸಂತೆಯಲ್ಲಿ ಮಾರುವವನು ನಿಮ್ಮನ್ನು ಕರೆಯುತ್ತಾನೆ. ಇಲ್ಲಿ ಮಾರುವವನು ನಿಮ್ಮನ್ನು ನೋಡುವುದೇ ಇಲ್ಲ, ಬೇಡವಾದರೆ ಹೋಗು ಎನ್ನುವಂತೆ ಬೇರೆ ಕಡೆ ನೋಡುತ್ತಾ ನಿಮ್ಮ ಕೈಯನ್ನು ಹಿಡಿದಿರುತ್ತಾನೆ.

ಟೈರು ಆರಿಸುವಾಗ ಮಾವನನ್ನು ನೋಡಬೇಕಿತ್ತು. ಜೀವಮಾನವಿಡೀ ಹೋಟೆಲಿಗೆ ತರಕಾರಿ ಆರಿಸಿದವರು. ಬದನೆಕಾಯಿಯನ್ನು ನೋಡುವ ಕಣ್ಣಿನಿಂದಲೇ ಟೈರನ್ನೂ ನೋಡಿದರು. ಹೊಳಪು ಇದೆಯೇ, ಕಪ್ಪು ಸಮನಾಗಿದೆಯೇ, ಒತ್ತಿದರೆ ಗಟ್ಟಿ ಇದೆಯೇ. ತೆಂಗಿನಕಾಯಿಗೆ ಬಡಿದ ಹಾಗೆ ಬೆರಳಿನಲ್ಲಿ ಬಡಿದು ಕಿವಿಯಿಟ್ಟರು. ಒಂದನ್ನಂತೂ ಮೂಸಿಯೂ ನೋಡಿದರು. ಕೊನೆಗೆ ಕನ್ನಡಿಯ ಹಾಗೆ ಮಿಂಚುತ್ತಿದ್ದ ಒಂದು ಜೋಡಿಯನ್ನು ಎತ್ತಿಟ್ಟು, ಇದು ಇವತ್ತು ಬೆಳಿಗ್ಗೆ ಕೊಯ್ದ ಹಾಗಿದೆ ಎಂದರು. ಮಾರುವವನು ಇದು ಜೀಪಿನದ್ದು, ಬರ್ಮಾ ಗಡಿಯನ್ನು ನೋಡಿ ಬಂದದ್ದು ಎಂದು ಆಕಾಶಕ್ಕೆ ಹೇಳಿದ.

ಚೌಕಾಸಿ ನಡೆಯುವಷ್ಟು ಹೊತ್ತು ನಾನು ಆ ಜೋಡಿಯ ಮೇಲೆ ಕೂತು, ಆಕಾಶ ನೋಡಿ ಮಾತಾಡುವ ಅವನನ್ನು ಪದ್ಮಿನಿಗೆ ಮಾಡಿ ತೋರಿಸುತ್ತಿದ್ದೆ. ಅವಳು ನಕ್ಕಳು, ಆದರೆ ನಾನು ಎದ್ದ ಮೇಲೆ ಇನ್ನೂ ಹೆಚ್ಚು ನಕ್ಕಳು. ಸಂತೆಯ ಮೇಕೆಯವರೂ ನಕ್ಕರು. ನನ್ನ ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಟೈರಿನ ಹಲ್ಲುಗಳ ಅಚ್ಚು ಒಂದೂ ಬಿಡದೆ ಮೂಡಿತ್ತು. ಒಂದು ಜೀಪು ಬರ್ಮಾ ಗಡಿಯಿಂದ ನೇರ ನನ್ನ ಮೇಲೆ ಹತ್ತಿ ಹೋದ ಹಾಗೆ.

ಟೈರಿಗೆ ಬಳಿದದ್ದು ಬೂಟಿಗೆ ಹಚ್ಚುವ ಪಾಲಿಷು. ನಾನು ಕೂತು ಒರೆಸಿಬಿಟ್ಟ ಜಾಗದಲ್ಲಿ ಅದೇ ಬಿರುಕುಗಳು, ನಮ್ಮ ಹಳೆಯದಕ್ಕಿಂತ ಆಳ. ಪದ್ಮಿನಿ ಎರಡನ್ನೂ ನೆಲದ ಮೇಲೆ ನಿಲ್ಲಿಸಿದಳು. ಒಂದು ಇನ್ನೊಂದಕ್ಕಿಂತ ಬೆರಳಗಲ ಎತ್ತರ. ಹೀಗೆ ಓರೆಯಾಗಿ ಹೋದರೆ ಅಜ್ಜಿಯ ಸಾರೆಲ್ಲ ಒಂದೇ ಕಡೆ ಚೆಲ್ಲುತ್ತದಲ್ಲ ಎಂದು ಅವಳು ಕೇಳಿದಾಗ ಮಾವನ ಮುಖ ಬಾಡಿತು. ನಾನು ಇಡೀ ಸಂತೆಯನ್ನು ಗೋಡೆಗೆ ಬೆನ್ನು ಮಾಡಿ ದಾಟಿ ಹೊರಗೆ ಬಂದೆ. ಮನೆ ಬಂದಾಗ ಮಾವ, ಹಳೆಯದೇ ವಾಸಿ ಏನೋ, ಎಂದರು.

ರಾಯಪುರಂ

ಶನಿವಾರ ಬೆಳಿಗ್ಗೆ ಪದ್ಮಿನಿ ಹಟ ಹಿಡಿದು ರಾಯಪುರಂನ ಒಂದು ಟೈರು ಅಂಗಡಿಗೆ ಹೊರಡಿಸಿದಳು. ಬಂದರಿನ ಹತ್ತಿರ, ಲಾರಿಗಳವರೆಲ್ಲ ಹೋಗುವ ಜಾಗ. ಅಳತೆಗೆ ಟ್ರೈಲರೂ ಬೇಕು, ಟ್ರೈಲರು ಹೊರಟರೆ ಹಂಡೆ, ಹಂಡೆ ಹೊರಟರೆ ಅಜ್ಜಿ. ಆ ದಾರಿ ನಾನು ಮರೆಯುವಂಥದ್ದಲ್ಲ. ಟ್ರಾಮಿನ ಹಳೆಯ ಕಂಬಿ, ಕಲ್ಲು, ಗುಂಡಿ ಯಾವುದು ಬಂದರೂ ನನ್ನ ಜೀವ ಚಕ್ರದ ಕೆಳಗೆ ಹೋಗಿ ಬರುತ್ತಿತ್ತು. ಎಡಗಡೆಯ ಟೈರನ್ನು ನಾನು, ಬಲಗಡೆಯದನ್ನು ಪದ್ಮಿನಿ, ಕಿಟಕಿಯಿಂದ ಹೊರಗೆ ಬಾಗಿ ಕಾಯುತ್ತಾ ಹೋದೆವು. ಮಾಣಿ ಇವತ್ತು ಎಷ್ಟು ಗಂಭೀರವಾಗಿದ್ದಾನೆ ಎಂದು ಮಾವ ಮೆಚ್ಚಿಕೊಂಡರು. ಮೀನಿನ ವಾಸನೆ ಮೂಗಿಗೆ ಬಡಿದ ಕೂಡಲೇ ಟ್ರೈಲರಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

ಅಂಗಡಿಯ ಮಾಲೀಕ ಡಿಕ್ರೂಸ್ ಎಂಬ ಆಂಗ್ಲೋ ಇಂಡಿಯನ್. ಆ ಸೆಕೆಯಲ್ಲೂ ಕಪ್ಪು ಟೈ ಕಟ್ಟಿ, ಶವಯಾತ್ರೆಗೆ ತಡವಾದವರ ಮುಖ ಹಾಕಿಕೊಂಡು ಕೂತಿದ್ದರು. ಟೈರು ಮಾರುವವರು ಟೈರಿನ ಗುಣ ಹೇಳುತ್ತಾರೆ ಎಂದುಕೊಂಡಿದ್ದೆ. ಇವರು ಹೇಳಿದ್ದೆಲ್ಲ ಸಾವಿನ ಸುದ್ದಿ. ತಿಂಡಿವನಂ ಹತ್ತಿರ ಒಬ್ಬ ಡಾಕ್ಟರರದು ಹೇಗೆ ಒಡೆಯಿತು, ನೆಲ್ಲೂರಿನ ದಾರಿಯಲ್ಲಿ ಒಂದು ಮದುವೆ ದಿಬ್ಬಣದ್ದು ಹೇಗೆ ಒಡೆಯಿತು. ಒಂದೊಂದು ಕಥೆಯ ಕೊನೆಗೂ ಟೈಯನ್ನು ಬಿಗಿ ಮಾಡಿಕೊಂಡು ಕಣ್ಣು ಮುಚ್ಚುತ್ತಿದ್ದರು. ಅದರಲ್ಲಿ ಅವರಿಗೆ ಎಂಥದೋ ಸುಖವಿತ್ತು.

ನಮ್ಮ ಟೈರಿನ ಬಿರುಕಿಗೆ ಹೆಬ್ಬೆರಳು ತೂರಿಸಿ, ರಬ್ಬರು ಓಡಿ ಸಾಯುವುದಕ್ಕಿಂತ ನಿಂತು ಸಾಯುವುದೇ ಹೆಚ್ಚು ಎಂದರು. ಇದು ಸತ್ತು ವರ್ಷಗಳಾಗಿವೆ, ಹಲ್ಲು ನೋಡಿ ಬದುಕಿದೆ ಅಂದುಕೊಂಡಿದ್ದೀರಿ. ಕಾರಿನ ಟೈರೂ ಇದಕ್ಕೆ ನಡೆಯುವುದಿಲ್ಲವಂತೆ. ಕಾರಿನ ಭಾರ ನಾಲ್ಕು ಚಕ್ರಗಳಿಗೆ ಹಂಚಿಹೋಗುತ್ತದೆ, ಇಲ್ಲಿರುವುದು ಎರಡೇ. ಪಕ್ಕದ ಗೋಡೆಯಲ್ಲಿ ಹೆಚ್ಚು ಪದರ ಇರುವಂಥದ್ದು ಬೇಕು, ಎರಡೂ ಒಂದೇ ಅಳತೆಯದಾಗಬೇಕು, ಹೊಸದಾಗಬೇಕು. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ನೋಡಬೇಕು. ಮಾವ ಎಲ್ಲದಕ್ಕೂ ತಲೆಯಾಡಿಸಿದರು. ಆಮೇಲೆ ಡಿಕ್ರೂಸ್ ಒಂದು ಪ್ರಶ್ನೆ ಕೇಳಿದರು.

"ಉಳ್ಳೆ ಎವ್ವಳವು ವೆಯ್ಟ್ ಸಾರ್?"

ಒಳಗೆ ಭಾರ ಏನೂ ಇಲ್ಲ, ವಯಸ್ಸಾದ ತಾಯಿ ಒಬ್ಬರು, ಒಂದು ಒಲೆ, ಸ್ವಲ್ಪ ನೀರು ಎಂದರು ಮಾವ. ಡಿಕ್ರೂಸ್ ದೂರ ನಿಂತು ಚಕ್ರದ ಮೇಲೆ ಕುಸಿದು ಕೂತಿದ್ದ ಟ್ರೈಲರನ್ನು ನೋಡಿದರು. ಒಳಗೆ ಹೋಗಿ ನೋಡಬಹುದೇ ಎಂದು ಕೇಳಿದರು. ಕೂಡದು ಎಂದೆವು. ನೀವಾದರೂ ನೋಡಿ ಹೇಳಿ ಎಂದರು. ನಮಗೂ ಕೂಡದು ಎಂದೆವು. ಸ್ವಂತ ಟ್ರೈಲರಿನೊಳಗೆ ಏನಿದೆ ಎಂದು ಗೊತ್ತಿಲ್ಲದ, ಗೊತ್ತು ಮಾಡಿಕೊಳ್ಳಲು ಅನುಮತಿಯೂ ಇಲ್ಲದ ಗಿರಾಕಿಯನ್ನು ಅವರು ಮೊದಲ ಸಲ ನೋಡುತ್ತಿದ್ದಿರಬೇಕು. ತೂಕ ತಿಳಿಯದೆ ನಾನು ಟೈರು ಮಾರುವುದಿಲ್ಲ ಎಂದು ಟೈ ಬಿಗಿ ಮಾಡಿಕೊಂಡರು. ದುಡ್ಡು ಹಿಡಿದು ಬಂದವನಿಗೆ ಮಾರುವುದಿಲ್ಲ ಎನ್ನುವ ವ್ಯಾಪಾರಿಯನ್ನು ನೋಡಿ ಮಾವನ ಹೋಟೆಲು ಹೃದಯಕ್ಕೆ ಆಘಾತವಾಯಿತು.

ತೂಕದ ಕಟ್ಟೆ

ಬಂದರಿನ ದಾರಿಯಲ್ಲಿ ಲಾರಿ, ಎತ್ತಿನಗಾಡಿಗಳನ್ನು ಸರಕು ಸಮೇತ ಇಡಿಯಾಗಿ ತೂಗುವ ಕಬ್ಬಿಣದ ಕಟ್ಟೆಯೊಂದಿದೆ. ಡಿಕ್ರೂಸ್ ತಾವೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಉಪ್ಪಿನ ಗಾಡಿಗಳ ಸಾಲಿನಲ್ಲಿ ನಮ್ಮ ಲೇಸು ಪರದೆಯ ಟ್ರೈಲರೂ ನಿಂತಿತು. ಕೊಕ್ಕೆ ಬಿಡಿಸಿ, ಮುಂದಿನ ಕಾಲು ಊರಿಸಿ, ಅಜ್ಜಿ ಸಮೇತ ತೂಗಿದರು. ತೂಗುವವನು ಇಂಗ್ಲಿಷಿನಲ್ಲಿ ಕೂಗಿದ ಲೆಕ್ಕ ಮಾವನಿಗೆ ಅರ್ಥವಾಗಲಿಲ್ಲ. ಅಕ್ಕಿಮೂಟೆಯ ಲೆಕ್ಕದಲ್ಲಿ ಹೇಳಿದಾಗ ಅರ್ಥವಾಯಿತು. ಹೋಟೆಲಿಗೆ ತಿಂಗಳಿಗೆ ಬೇಕಾದ ಅಕ್ಕಿ ಒಂದು ಮುದುಕಿಯ ಜೊತೆ ಹೇಗೆ ಬಂತು ಎಂದು ಅವರು ಬೆವರು ಒರೆಸಿಕೊಂಡರು.

ಆಗ ನನಗೆ ಸೆಂಟ್ರಲ್ಲಿನ ಇಬ್ಬರು ಕೂಲಿಗಳು ನೆನಪಾದರು. ಗೋಣಿಯ ಗಂಟಿನ ವಿಷಯ ಹೇಳಿದೆ. ದುಂಡಗಿತ್ತು, ಒಬ್ಬನಿಂದ ಎತ್ತಲಾಗಲಿಲ್ಲ ಎಂದೆ. ಮಾವ ನನ್ನನ್ನೇ ನೋಡಿದರು. ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಊರಿನ ಒರಳುಕಲ್ಲು. ದಿನಾ ಬೆಳಿಗ್ಗೆ ಹಿತ್ತಿಲಿನಿಂದ ಗರಗರ ರುಬ್ಬುವ ಸದ್ದು ಕೇಳುತ್ತಿತ್ತು. ಹೋಟೆಲಿನ ಅಡುಗೆಮನೆಯದು ಎಂದುಕೊಂಡು ಸುಮ್ಮನಿದ್ದೆವು. ಸದ್ದುಗಳಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಮೆರೆದವನ ಕಿವಿಯ ಯೋಗ್ಯತೆ ಅಷ್ಟೇ.

ಆ ಚಕ್ರಕ್ಕೆ ಕೂರುವಂಥ ಟೈರುಗಳಲ್ಲಿ ತಮ್ಮಲ್ಲಿರುವ ಅತ್ಯಂತ ಗಟ್ಟಿಯದೂ ಇಷ್ಟು ಹೊರಲಾರದು ಎಂದರು ಡಿಕ್ರೂಸ್. ಕಲ್ಲನ್ನು ಇಳಿಸಿದರೆ ಹೊಸ ಜೋಡಿ ಹಾಕಿ ಕೊಡುತ್ತೇನೆ, ನಿಧಾನವಾಗಿ ಹೋದರೆ ರಾಮೇಶ್ವರ ಮುಟ್ಟಿ ಬರುತ್ತೀರಿ. ಇಳಿಸದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ.

ಕಲ್ಲು ಇಳಿಸಲು ಯಾರಾದರೂ ಒಳಗೆ ಹೋಗಬೇಕು, ಹೋದರೆ ಮಡಿ ಕೆಟ್ಟಿತು. ಕಲ್ಲಿಲ್ಲದೆ ಅಜ್ಜಿಯ ಅಡುಗೆಯಿಲ್ಲ, ಹೊರಗಿನದನ್ನು ತಿನ್ನುವವಳಲ್ಲ, ದಾರಿಯಿಡೀ ಉಪವಾಸ. ಇದನ್ನು ಅವಳಿಗೆ ಹೇಳುವವರು ಯಾರು? ಮಾವ ಮುಚ್ಚಿದ ಕಿಟಕಿಯ ಹತ್ತಿರ ಹೋದರು, ಬಡಿಯಲು ಕೈ ಎತ್ತಿದರು, ಪಂಚೆ ಸರಿಮಾಡಿಕೊಂಡು ವಾಪಸು ಬಂದರು. ಇನ್ನೊಮ್ಮೆ ಹೋದರು, ಇನ್ನೊಮ್ಮೆ ಬಂದರು.

ಕಾಯುವುದು ನನ್ನಿಂದಾಗದ ಕೆಲಸ. ಹೆದರಿದಾಗಲಂತೂ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಪದ್ಮಿನಿಯ ಕಣ್ಣಲ್ಲಿ ನೀರು ಬರುವ ಹಾಗಿತ್ತು. ಅವಳನ್ನು ನಗಿಸೋಣ ಎಂದು ಡಿಕ್ರೂಸರ ಬೆನ್ನ ಹಿಂದೆ ನಿಂತು ಇಲ್ಲದ ಟೈ ಬಿಗಿದುಕೊಂಡು, ಮುಖವನ್ನು ಇಳಿಬಿಟ್ಟು, ತಿಂಡಿವನಂನ ಡಾಕ್ಟರರ ಕಥೆ ಆರಂಭಿಸಿದೆ. ಕಥೆಯಲ್ಲಿ ಟೈರು ಒಡೆಯುವ ಘಟ್ಟ ಬಂತು. ಒಡೆದೆ. ಹೊಟ್ಟೆಯಿಂದ, ಉಸ್ಸ್ ಸಮೇತ.

ಕಿಟಕಿಯ ಹತ್ತಿರ ಹೋಗಿದ್ದ ಮಾವ ಅಲ್ಲೇ ನಿಂತರು. ತಿರುಗಿದರು.

"ಇದೇ ಸದ್ದ್," ಎಂದರು. ನಿಧಾನವಾಗಿ ನನ್ನ ಹತ್ತಿರ ಬಂದರು. "ಅವತ್ತ್ ಒಡದ್ದ್ ಇದೇ. ನೀನೆಯಾ?"

ಹೌದೆಂದು ತಲೆಯಾಡಿಸಿದೆ.

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ನಕ್ಕರು. ಮೂರು ದಿನದ ಭಾರ ಇಳಿದವರ ಹಾಗೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೂಚನೆಯೂ ಇಲ್ಲ, ಸ್ವಾಮಿಯೂ ಇಲ್ಲ. ಟೈರಿಗೆ ಏನೂ ಆಗಿಲ್ಲ. ಹಾಗಾದ ಮೇಲೆ ಹೊಸದು ಬೇಡ, ಕಲ್ಲು ಇಳಿಸುವುದು ಬೇಡ, ಅಮ್ಮನ ಹತ್ತಿರ ಮಾತಾಡುವುದಂತೂ ಬೇಡವೇ ಬೇಡ. ಇಷ್ಟು ದೂರ ಬಂದ ಟೈರು ರಾಮೇಶ್ವರಕ್ಕೂ ಹೋಗುತ್ತದೆ. ಡಿಕ್ರೂಸರಿಗೆ ಕೈಮುಗಿದು, ತೊಂದರೆ ಕೊಟ್ಟೆವು, ಹುಡುಗಾಟದ ಮಾಣಿ ಎಂದು ಹೇಳಿ ಟ್ರೈಲರನ್ನು ಕಾರಿಗೆ ಮತ್ತೆ ಸಿಕ್ಕಿಸತೊಡಗಿದರು.

ನಾನು ಅಡ್ಡ ನಿಂತೆ. ಮಾವ, ಸದ್ದು ಸುಳ್ಳು, ಬಿರುಕು ಸುಳ್ಳಲ್ಲ ಎಂದೆ. ನನ್ನ ಉಗುರು ಹೋದದ್ದನ್ನು ಹೇಳಿದೆ, ಡಿಕ್ರೂಸರ ಹೆಬ್ಬೆರಳು ಹೋದದ್ದನ್ನು ಹೇಳಿದೆ, ಒಲೆ ಉರಿಯುತ್ತಿರುತ್ತದೆ ಎಂದೆ. ಅಷ್ಟು ಹೊತ್ತು ಯಾರದೂ ಅಲ್ಲದ, ನನ್ನದೇ ಸ್ವಂತ ದನಿಯಲ್ಲಿ ಮಾತಾಡಿ ನನಗೆ ಅಭ್ಯಾಸವಿರಲಿಲ್ಲ.

ಮಾವ ನನ್ನ ಮುಖವನ್ನು ಆಸಕ್ತಿಯಿಂದ ನೋಡಿದರು. "ಇದ್ ಯಾರ್ದ್ ಮಾಡ್ತಾ ಇದ್ದೆ ಈಗ?" ಎಂದು ಕೇಳಿದರು.

ಪದ್ಮಿನಿ ಅಪ್ಪನ ಕೈ ಹಿಡಿದು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ನಾನು ಅವಳ ಬಾಯಲ್ಲಿ ಎಂದೂ ಕೇಳದಷ್ಟು ಶುದ್ಧ ಕನ್ನಡದಲ್ಲಿ ಬೇಡಿಕೊಂಡಳು. ಮಾವ ಅವಳ ತಲೆ ಸವರಿ ಕಾರಿನ ಬಾಗಿಲು ತೆರೆದರು. ಹಿಂದಿನ ಉಪ್ಪಿನ ಗಾಡಿಯವನು ಬೇಗ ಸರಿಯಿರಿ ಎಂದು ಕೂಗಿದ. ಡಿಕ್ರೂಸ್ ಟೈ ಬಿಗಿ ಮಾಡಿಕೊಂಡು ಕಣ್ಣು ಮುಚ್ಚಿದರು. ನಮ್ಮ ಕಥೆ ಅವರ ಕಥೆಗಳ ಸಾಲಿಗೆ ಸೇರುವುದನ್ನು ನಾನು ಕಣ್ಣಾರೆ ಕಂಡೆ.

ಆಗ ಟ್ರೈಲರಿನ ಕಿಟಕಿ ತೆರೆಯಿತು. ಅಷ್ಟು ಹೊತ್ತು ಬಿಗಿಯಾಗಿ ಮುಚ್ಚಿದ್ದದ್ದು, ರಾಯಪುರಂನ ಮೀನುಗಾಳಿಗೆ ಪೂರ್ತಿ ತೆರೆಯಿತು. ಲೇಸಿನ ಪರದೆಯನ್ನು ಸರಿಸಿ ಅಜ್ಜಿ ಹೊರಗೆ ತಲೆ ಹಾಕಿದಳು. ಸೆರಗನ್ನು ಮೂಗಿಗೆ ಹಿಡಿದಿರಲಿಲ್ಲ. ಅವಳ ಬೆರಳ ತುದಿಯಲ್ಲಿ ಬೆಳಗಿನ ಕುಂಕುಮ ಇನ್ನೂ ಇತ್ತು. ಆ ಬೆರಳಿನಿಂದ ದಿನಾ ಅವಳು ಮುಟ್ಟುತ್ತಿದ್ದದ್ದು ಆ ಬಿರುಕುಗಳನ್ನೇ ಎಂಬುದು ನನಗೆ ಆಗ ಹೊಳೆಯಿತು. ಅವಳು ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದಳು.

"ಅನಂತ, ಕಲ್ಲ್ ಇಳ್ಸಿ ಟೈರ್ ಹಾಕ್ಸ್. ಒಡದ್ದ್ ಇವನ ಬಾಯಿ ಅಂದೇಳಿ ನಂಗ್ ಅವತ್ತೇ ಗೊತ್ತಿತ್. ಇವನ ಬಾಯಿ ಒಡದ್ರೆ ನಾಲ್ಕ್ ಜನ ನೆಗಾಡ್ತ್ರ್. ಟೈರ್ ಒಡದ್ರೆ ನಾಲ್ಕ್ ಜನ ನನ್ನ ಚಟ್ಟ ಹೊರ್‍ಕಾತ್ತ್."